ಹಡಗು ಯಾರದೋ ಸುದ್ದಿಯೂ ಅವರದೇ

ಗಡಿ ಜಗಳ ನೆಲದ ಮೇಲೆ ನಡೆದರೆ ಸಾಕ್ಷಿಗೆ ಯಾರಾದರೂ ಸಿಗುತ್ತಾರೆ. ಬೇಲಿಯ ಪಕ್ಕದ ಊರಿನವರು, ದನ ಮೇಯಿಸುವ ಹುಡುಗ, ಸೈನಿಕರಿಗೆ ಸಾಮಾನು ಹೊತ್ತುಕೊಟ್ಟವರು. ವರದಿಗಾರ ಬಸ್ಸು ಹತ್ತಿ ಹೋಗಿ ಅವರನ್ನು ಕೇಳಬಹುದು. ಸಮುದ್ರದಲ್ಲಿ ಈ ಅನುಕೂಲವಿಲ್ಲ. ದಡದಿಂದ ಇನ್ನೂರು ಕಿಲೋಮೀಟರ್ ಆಚೆ ಎರಡು ಹಡಗುಗಳು ತಾಗಿದರೆ ಅಲ್ಲಿರುವುದು ಆ ಎರಡು ಹಡಗುಗಳ ಜನ ಮಾತ್ರ. ಇಬ್ಬರೂ ಕಕ್ಷಿದಾರರೇ. ವಿವಾದಿತ ಸಮುದ್ರದ ಸುದ್ದಿ ಒಂದು ಕಡೆಗೆ ವಾಲುವುದಕ್ಕೆ ಪತ್ರಕರ್ತರ ದೇಶಾಭಿಮಾನ, ಸರ್ಕಾರದ ಒತ್ತಡ, ಮಾಲೀಕರ ಹಿತಾಸಕ್ತಿ ಎಲ್ಲವೂ ಕಾರಣವಾಗುತ್ತವೆ. ಆದರೆ ಅವೆಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ಸುದ್ದಿ ಯಾರ ಡೆಕ್ಕಿನಿಂದ ಹೊರಟಿತು ಎಂಬುದನ್ನು.

2014ರ ಮೇ 26ರಂದು, ಚೀನಾ ಮತ್ತು ವಿಯೆಟ್ನಾಂ ಎರಡೂ ತಮ್ಮದೆನ್ನುವ ಪ್ಯಾರಾಸೆಲ್ ದ್ವೀಪಗಳ ಬಳಿ ವಿಯೆಟ್ನಾಮಿನ ಮರದ ಮೀನುದೋಣಿಯೊಂದು ಮುಳುಗಿತು. ಅದರಲ್ಲಿದ್ದ 10 ಮಂದಿಯನ್ನು ರಕ್ಷಿಸಲಾಯಿತು. ಆ ತಿಂಗಳ ಆರಂಭದಲ್ಲಿ ಚೀನಾ ತನ್ನ ಹೈಯಾಂಗ್ ಶಿಯೂ 981 ಎಂಬ ಬೃಹತ್ ತೈಲ ರಿಗ್ಗನ್ನು ಅಲ್ಲಿಗೆ ತಂದು ನಿಲ್ಲಿಸಿದ್ದರಿಂದ ಎರಡೂ ದೇಶಗಳ ಹತ್ತಾರು ಹಡಗುಗಳು ಮುಖಾಮುಖಿಯಾಗಿದ್ದವು. ಚೀನಾದ ಹಡಗು ಬೆನ್ನಟ್ಟಿ ಬಂದು ಗುದ್ದಿ ಮುಳುಗಿಸಿತು ಎಂದಿತು ಹನೋಯ್. ವಿಯೆಟ್ನಾಮಿನ ದೋಣಿಯೇ ಚೀನಾದ ಮೀನುದೋಣಿಯನ್ನು ಗುದ್ದಿ ಮಗುಚಿಕೊಂಡಿತು ಎಂದು ಬರೆಯಿತು ಚೀನಾದ ಸರ್ಕಾರಿ ಸುದ್ದಿಸಂಸ್ಥೆ ಷಿನ್‌ಹುವಾ. ಕೆಲವು ದಿನಗಳ ಮೇಲೆ ವಿಯೆಟ್ನಾಂ ಒಂದು ವಿಡಿಯೊ ಹೊರಬಿಟ್ಟಿತು. ದೊಡ್ಡ ಹಡಗೊಂದು ಚಿಕ್ಕ ದೋಣಿಯನ್ನು ಅಟ್ಟಿಸಿಕೊಂಡು ಬಂದು ಹಾಯುವುದು ಅದರಲ್ಲಿ ಕಾಣುತ್ತಿತ್ತು. ಆ ನಡುವಿನ ದಿನಗಳಲ್ಲಿ ಹೊರಗಿನ ಪತ್ರಿಕೆಗಳಿಗೆ ಎರಡೂ ಹೇಳಿಕೆಗಳನ್ನು ಅಕ್ಕಪಕ್ಕ ಇಡುವುದನ್ನು ಬಿಟ್ಟು ದಾರಿಯಿರಲಿಲ್ಲ.

ಅಕ್ಕಪಕ್ಕ ಇಟ್ಟ ಮಾತ್ರಕ್ಕೆ ಸುದ್ದಿ ಸಮತೋಲನಗೊಳ್ಳುವುದಿಲ್ಲ, ಏಕೆಂದರೆ ತಲೆಬರಹಕ್ಕೆ ಒಂದೇ ಕ್ರಿಯಾಪದ ಬೇಕು. ‘ಡಿಕ್ಕಿ ಹೊಡೆದು ಮುಳುಗಿಸಿತು’ ಎಂದರೆ ಒಂದು ಪಕ್ಷ. ‘ಡಿಕ್ಕಿಯಾಗಿ ಮುಳುಗಿತು’ ಎಂದರೆ ಅಪರಾಧಿಯೇ ಮಾಯ. ‘ಹಡಗುಗಳ ನಡುವೆ ಡಿಕ್ಕಿ’ ಎಂದರೆ ಇಬ್ಬರದೂ ತಪ್ಪು ಎಂಬ ಧ್ವನಿ. ಕರ್ತೃವನ್ನು ಬಿಟ್ಟು ವಾಕ್ಯ ಮುಗಿಸುವ ಸೌಲಭ್ಯ ಕನ್ನಡದಲ್ಲಿ ಧಾರಾಳವಾಗಿದೆ. ರಾತ್ರಿ ಪಾಳಿಯ ಉಪಸಂಪಾದಕ ಜಾಗ ಉಳಿಸಲು ಆಯ್ದ ಪದವೇ ಎಷ್ಟೋ ಸಲ ತೀರ್ಪಾಗಿಬಿಡುತ್ತದೆ.

ಈ ಬಗೆಯ ಸುದ್ದಿ ಅತಿ ಹೆಚ್ಚು ಹುಟ್ಟುವುದು ದಕ್ಷಿಣ ಚೀನಾ ಸಮುದ್ರದಲ್ಲಿ. ಸುಮಾರು 35 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಈ ಕಡಲಿನ ದ್ವೀಪ, ಬಂಡೆ, ಹವಳದ ದಿಬ್ಬಗಳಲ್ಲಿ ಎಲ್ಲವನ್ನೋ ಕೆಲವನ್ನೋ ತಮ್ಮದೆನ್ನುವವರು ಚೀನಾ, ತೈವಾನ್, ವಿಯೆಟ್ನಾಂ, ಫಿಲಿಪ್ಪೀನ್ಸ್, ಮಲೇಷ್ಯಾ ಮತ್ತು ಬ್ರೂನೈ. ಇಂಡೊನೇಷ್ಯಾಕ್ಕೆ ದ್ವೀಪದ ಜಗಳವಿಲ್ಲದಿದ್ದರೂ ನತುನಾ ದ್ವೀಪಗಳ ಸುತ್ತಲಿನ ನೀರಿನ ತಕರಾರಿದೆ. ಈ ಕಡಲಿನ ಮಹತ್ವ ಹೇಳುವಾಗ ವರ್ಷಕ್ಕೆ 5 ಲಕ್ಷ ಕೋಟಿ ಡಾಲರ್ ಮೌಲ್ಯದ ಸರಕು ಇಲ್ಲಿ ಹಾದುಹೋಗುತ್ತದೆ ಎಂಬ ಸಾಲು ಪತ್ರಿಕೆಯಿಂದ ಪತ್ರಿಕೆಗೆ ವರ್ಷಗಟ್ಟಲೆ ನಕಲಾಗುತ್ತ ಬಂತು. ವಾಷಿಂಗ್ಟನ್ನಿನ ಸಿಎಸ್‌ಐಎಸ್ ಎಂಬ ಚಿಂತನ ಸಂಸ್ಥೆಯ ತಜ್ಞರು ಕೂತು ಲೆಕ್ಕ ಹಾಕಿದಾಗ 2016ರಲ್ಲಿ ಹಾದುಹೋದ ಸರಕಿನ ಮೌಲ್ಯ ಸುಮಾರು 3.4 ಲಕ್ಷ ಕೋಟಿ ಡಾಲರ್ ಎಂದು ಬಂತು. ಅದೂ ಸಣ್ಣ ಮೊತ್ತವೇನಲ್ಲ. ಆದರೂ ದೊಡ್ಡ ಅಂಕಿಯನ್ನು ಯಾರೂ ಪರಿಶೀಲಿಸದೆ ಬಳಸಿದ್ದು, ಅದು ಕೇಳಲು ಚೆನ್ನಾಗಿತ್ತು ಎಂಬ ಕಾರಣಕ್ಕೇ ಇರಬೇಕು.

ಪಕ್ಷಪಾತ ಶುರುವಾಗುವುದು ಹೆಸರಿನಿಂದ. ‘ದಕ್ಷಿಣ ಚೀನಾ ಸಮುದ್ರ’ ಎಂಬ ಹೆಸರನ್ನು ರೂಢಿಗೆ ತಂದವರು ಯುರೋಪಿನ ನಾವಿಕರು; ಚೀನೀಯರಿಗೆ ಅದು ಬರೀ ‘ದಕ್ಷಿಣ ಸಮುದ್ರ’. ವಿಯೆಟ್ನಾಮಿನವರಿಗೆ ಅದು ‘ಪೂರ್ವ ಸಮುದ್ರ’. ಫಿಲಿಪ್ಪೀನ್ಸಿನ ಅಧ್ಯಕ್ಷ ಮೂರನೇ ಬೆನಿಗ್ನೊ ಅಕಿನೊ 2012ರ ಸೆಪ್ಟೆಂಬರಿನಲ್ಲಿ ಆಡಳಿತಾದೇಶ ಹೊರಡಿಸಿ ತಮ್ಮ ಪಾಲಿನ ನೀರನ್ನು ‘ಪಶ್ಚಿಮ ಫಿಲಿಪ್ಪೀನ್ ಸಮುದ್ರ’ ಎಂದು ಕರೆದರು. ಇಂಡೊನೇಷ್ಯಾ 2017ರಲ್ಲಿ ತನ್ನ ಭಾಗಕ್ಕೆ ‘ಉತ್ತರ ನತುನಾ ಸಮುದ್ರ’ ಎಂದು ಹೆಸರಿಟ್ಟಿತು. ಮನಿಲಾದ ಪತ್ರಿಕೆ ಓದುವವನ ಮನಸ್ಸಿನಲ್ಲಿ ಹೆಸರಿನ ಜೊತೆಗೇ ಒಡೆತನವೂ ಇಳಿಯುತ್ತದೆ. ವಾದ ಮಂಡಿಸುವ ಅಗತ್ಯವೇ ಬೀಳುವುದಿಲ್ಲ.

ಹೊರಗಿನ ಸುದ್ದಿಸಂಸ್ಥೆಗಳು ಇದರಿಂದ ಪಾರಾಗಲು ಇಂಗ್ಲಿಷ್ ಹೆಸರುಗಳನ್ನು ಹಿಡಿದುಕೊಳ್ಳುತ್ತವೆ. ಚೀನಾ ‘ಹುವಾಂಗ್‌ಯಾನ್ ದಾವೊ’ ಎನ್ನುವ, ಫಿಲಿಪ್ಪೀನ್ಸ್ ‘ಪನತಾಗ್’ ಅಥವಾ ‘ಬಾಹೊ ದೆ ಮಸಿನ್ಲೊಕ್’ ಎನ್ನುವ ದಿಬ್ಬವನ್ನು ಅವು ಸ್ಕಾರ್‌ಬರೊ ಎನ್ನುತ್ತವೆ. ಆ ಹೆಸರು ಬಂದದ್ದು ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಯ ಬಂಡೆಗೆ ತಾಗಿದ, ಚಹಾ ವ್ಯಾಪಾರದ ಈಸ್ಟ್ ಇಂಡಿಯಾ ಕಂಪನಿ ಹಡಗಿನಿಂದ. ಸ್ಪ್ರಾಟ್ಲಿ ದ್ವೀಪಗಳ ಹೆಸರು ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ತಿಮಿಂಗಿಲ ಬೇಟೆಗಾರನದು. ತಟಸ್ಥ ಎನಿಸಿಕೊಂಡ ಪದಗಳ ಹಿಂದೆಯೂ ಒಂದು ಹಡಗು ಇದ್ದೇ ಇರುತ್ತದೆ.

ಹೆಸರಿಗಿಂತ ಹಟಮಾರಿ ನಕ್ಷೆ. 1947ರಲ್ಲಿ ಅಂದಿನ ಚೀನಾ ಗಣರಾಜ್ಯ ಈ ಸಮುದ್ರದ ಸುತ್ತ 11 ತುಂಡುಗೆರೆಗಳ ನಕ್ಷೆ ಪ್ರಕಟಿಸಿತು. ಕಮ್ಯುನಿಸ್ಟ್ ಸರ್ಕಾರ 1950ರ ದಶಕದ ಮೊದಲಲ್ಲಿ ಟಾಂಕಿನ್ ಕೊಲ್ಲಿಯ ಎರಡು ಗೆರೆ ಅಳಿಸಿ 9 ಉಳಿಸಿಕೊಂಡಿತು. 2009ರಲ್ಲಿ ಆ ನಕ್ಷೆಯನ್ನು ವಿಶ್ವಸಂಸ್ಥೆಗೆ ಕಳಿಸಿದ ಪತ್ರಕ್ಕೆ ಲಗತ್ತಿಸಿತು. 2012ರಲ್ಲಿ ಅದನ್ನು ಪಾಸ್‌ಪೋರ್ಟಿನ ಪುಟಗಳಲ್ಲೂ ಮುದ್ರಿಸಿದಾಗ ತಕರಾರು ಭಾರತಕ್ಕೂ ತಟ್ಟಿತು, ಏಕೆಂದರೆ ಅರುಣಾಚಲ ಪ್ರದೇಶ ಮತ್ತು ಅಕ್ಸಾಯ್ ಚಿನ್ ಸಹ ಆ ನಕ್ಷೆಯೊಳಗಿದ್ದವು. ಬೀಜಿಂಗಿನ ಭಾರತೀಯ ರಾಯಭಾರ ಕಚೇರಿ ತನ್ನ ನಕ್ಷೆಯಿರುವ ವೀಸಾ ಮುದ್ರೆ ಒತ್ತಿ ಉತ್ತರ ಕೊಟ್ಟಿತು. 2023ರ ಆಗಸ್ಟಿನಲ್ಲಿ ಚೀನಾ 10 ಗೆರೆಗಳ ‘ಪ್ರಮಾಣಿತ ನಕ್ಷೆ’ ಬಿಡುಗಡೆ ಮಾಡಿದಾಗ ಭಾರತ, ಮಲೇಷ್ಯಾ, ವಿಯೆಟ್ನಾಂ, ಫಿಲಿಪ್ಪೀನ್ಸ್ ಎಲ್ಲವೂ ಪ್ರತಿಭಟಿಸಿದವು. ದೆಹಲಿಯ ಸುದ್ದಿಗೆ ಅರುಣಾಚಲವೇ ತಲೆ, ಸಮುದ್ರದ ಗೆರೆಗಳು ಬಾಲ, ಮನಿಲಾದಲ್ಲಿ ತಿರುಗುಮುರುಗು.

ಈ ಗೆರೆ ಮನರಂಜನೆಯೊಳಗೂ ನುಸುಳಿದೆ. 2019ರಲ್ಲಿ ‘ಅಬಾಮಿನಬಲ್’ ಎಂಬ ಕಾರ್ಟೂನ್ ಚಿತ್ರದ ಗೋಡೆಯ ಮೇಲಿನ ನಕ್ಷೆಯಲ್ಲಿ ಅದು ಕಂಡಿತೆಂದು ವಿಯೆಟ್ನಾಂ ಪ್ರದರ್ಶನ ನಿಲ್ಲಿಸಿತು. ಅದೇ ವರ್ಷ ಅಮೆರಿಕದ ಕ್ರೀಡಾ ವಾಹಿನಿ ಇಎಸ್‌ಪಿಎನ್ ಬ್ಯಾಸ್ಕೆಟ್‌ಬಾಲ್ ಕುರಿತ ಸುದ್ದಿಯ ಹಿನ್ನೆಲೆಗೆ ಅದೇ ಗೆರೆಯ ನಕ್ಷೆ ಹಾಕಿ ಟೀಕೆಗೆ ಸಿಕ್ಕಿತು. ನಕ್ಷೆಯ ವಿಷಯದಲ್ಲಿ ಭಾರತವೂ ಮೃದುವಲ್ಲ: ಕಾಶ್ಮೀರವನ್ನು ತಪ್ಪಾಗಿ ತೋರಿಸಿದ್ದಕ್ಕೆ ಅಲ್ ಜಝೀರಾ ವಾಹಿನಿಯ ಪ್ರಸಾರವನ್ನು 2015ರ ಏಪ್ರಿಲ್‌ನಲ್ಲಿ 5 ದಿನ ತಡೆಹಿಡಿಯಲಾಗಿತ್ತು.

ಓದುಗರನ್ನು ಅತಿ ಹೆಚ್ಚು ದಾರಿತಪ್ಪಿಸುವುದು ಮಾತ್ರ ಕಾನೂನಿನ ಪದಗಳು. 1982ರ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ತನಕದ ನೀರು ಆ ದೇಶದ ಸಾರ್ವಭೌಮತ್ವಕ್ಕೆ ಒಳಪಟ್ಟದ್ದು. 200 ನಾಟಿಕಲ್ ಮೈಲಿ, ಎಂದರೆ ಸುಮಾರು 370 ಕಿಲೋಮೀಟರ್ ತನಕದ್ದು ವಿಶೇಷ ಆರ್ಥಿಕ ವಲಯ. ಅಲ್ಲಿಯ ಮೀನು, ತೈಲ, ಅನಿಲದ ಹಕ್ಕು ಆ ದೇಶದ್ದು. ಹಡಗು ಸಾಗಲು ಎಲ್ಲರಿಗೂ ದಾರಿಯಿದೆ. ಕನ್ನಡ ಪತ್ರಿಕೆಗಳು ಎರಡಕ್ಕೂ ‘ಜಲಗಡಿ’ ಎಂಬ ಒಂದೇ ಪದ ಬಳಸುವುದುಂಟು. ಆಗ 300 ಕಿಲೋಮೀಟರ್ ಆಚೆ ಹಾದುಹೋದ ಹಡಗೂ ಬೇಲಿ ಹಾರಿ ಹಿತ್ತಲಿಗೆ ಬಂದ ಕಳ್ಳನಂತೆ ಕಾಣುತ್ತದೆ.

2021ರ ಏಪ್ರಿಲ್ 7ರಂದು ಅಮೆರಿಕದ ಯುದ್ಧನೌಕೆ ಜಾನ್ ಪಾಲ್ ಜೋನ್ಸ್ ಲಕ್ಷದ್ವೀಪದ ಪಶ್ಚಿಮಕ್ಕೆ ಸುಮಾರು 130 ನಾಟಿಕಲ್ ಮೈಲಿ ದೂರದಲ್ಲಿ, ಭಾರತದ ಆರ್ಥಿಕ ವಲಯದೊಳಗೆ, ಅನುಮತಿ ಕೇಳದೆ ಸಾಗಿತು. ಸಾಲದ್ದಕ್ಕೆ ಅಮೆರಿಕದ ಏಳನೇ ನೌಕಾಪಡೆ ಅದನ್ನು ತಾನೇ ಘೋಷಿಸಿತು. ತನ್ನ ಆರ್ಥಿಕ ವಲಯದಲ್ಲಿ ಸೈನಿಕ ಕವಾಯತಿಗೆ ಒಪ್ಪಿಗೆ ಬೇಕು ಎಂಬುದು ಭಾರತದ ನಿಲುವು, ಅದಕ್ಕೆ ಕಾನೂನಿನ ಆಧಾರವಿಲ್ಲ ಎಂಬುದು ಅಮೆರಿಕದ್ದು. ಭಾರತದ ವಾಹಿನಿಗಳಲ್ಲಿ ಅದು ಗಡಿ ಉಲ್ಲಂಘನೆಯ ಧಾಟಿಯಲ್ಲಿ ಬಂತು. ಇದೇ ಅಮೆರಿಕದ ಹಡಗು ಚೀನಾದ ಸಮೀಪ ಇದನ್ನೇ ಮಾಡಿದರೆ ಅದು ಸಂಚಾರ ಸ್ವಾತಂತ್ರ್ಯವನ್ನು ಎತ್ತಿಹಿಡಿದಂತೆ. ಈ ಒಂದು ಅಂಶದಲ್ಲಿ ಭಾರತದ ಕಾನೂನು ನಿಲುವು ಅಮೆರಿಕಕ್ಕಿಂತ ಚೀನಾದ್ದಕ್ಕೆ ಹತ್ತಿರ ಎಂಬುದನ್ನು ಹೇಳುವ ಉತ್ಸಾಹ ಅಲ್ಲಿ ಕಡಿಮೆ. ಅಮೆರಿಕ ಆ ಒಪ್ಪಂದವನ್ನು ಇನ್ನೂ ಅನುಮೋದಿಸಿಲ್ಲ ಎಂಬ ಸಾಲೂ ಅಷ್ಟೇ ಸುಲಭವಾಗಿ ಬಿಟ್ಟುಹೋಗುತ್ತದೆ.

2016ರ ಜುಲೈ 12ರ ತೀರ್ಪು ಇನ್ನೂ ದೊಡ್ಡ ಉದಾಹರಣೆ. ಫಿಲಿಪ್ಪೀನ್ಸ್ 2013ರಲ್ಲಿ ಹೂಡಿದ ದಾವೆಯನ್ನು ಹೇಗ್ ನಗರದಲ್ಲಿ ಐವರು ಮಧ್ಯಸ್ಥರ ನ್ಯಾಯಮಂಡಳಿ ವಿಚಾರಿಸಿತು. ಚೀನಾ ಹಾಜರಾಗಲಿಲ್ಲ. ತುಂಡುಗೆರೆಯೊಳಗಿನ ಸಂಪನ್ಮೂಲದ ಮೇಲೆ ಚೀನಾ ಹೇಳುವ ಐತಿಹಾಸಿಕ ಹಕ್ಕಿಗೆ ಕಾನೂನಿನ ಆಧಾರವಿಲ್ಲ ಎಂದಿತು ಮಂಡಳಿ. ಯಾವ ದಿಬ್ಬ ಯಾರದು ಎಂಬುದನ್ನು ಅದು ಹೇಳಲೇ ಇಲ್ಲ, ಹೇಳುವ ಅಧಿಕಾರವೂ ಅದಕ್ಕಿರಲಿಲ್ಲ. ಆದರೂ ಸಮುದ್ರವೇ ಫಿಲಿಪ್ಪೀನ್ಸಿನ ಪಾಲಾಯಿತು ಎಂಬ ಅರ್ಥ ಬರುವ ವರದಿಗಳು ಹರಡಿದವು. ತೀರ್ಪು ಕೊಟ್ಟದ್ದು ವಿಶ್ವಸಂಸ್ಥೆಯ ನ್ಯಾಯಾಲಯ ಎಂದೂ ಹಲವರು ಬರೆದರು. ಅದು ತಪ್ಪು. ಅಂತಾರಾಷ್ಟ್ರೀಯ ನ್ಯಾಯಾಲಯ ತನಗೂ ಈ ಪ್ರಕರಣಕ್ಕೂ ಸಂಬಂಧವಿಲ್ಲ ಎಂದು ತನ್ನ ಜಾಲತಾಣದಲ್ಲೇ ಸ್ಪಷ್ಟಪಡಿಸಬೇಕಾಯಿತು. ಚೀನಾದ ಮಾಧ್ಯಮಗಳು ಆ ಸ್ಪಷ್ಟನೆಯನ್ನು ಹಿಡಿದು, ಮಂಡಳಿಯೇ ಬೋಗಸ್ ಎನ್ನುವತ್ತ ಎಳೆದವು. ಮಂಡಳಿ ರಚನೆಯಾದದ್ದು ಚೀನಾ ತಾನೇ 1996ರಲ್ಲಿ ಅನುಮೋದಿಸಿದ ಒಪ್ಪಂದದಡಿ ಎಂಬುದು ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಸ್ಕಾರ್‌ಬರೊ ದಿಬ್ಬದಲ್ಲಿ ಫಿಲಿಪ್ಪೀನ್ಸಿನ ಮೀನುಗಾರರಿಗೆ ಸಾಂಪ್ರದಾಯಿಕ ಹಕ್ಕಿದೆ, ಚೀನಾದ ಮೀನುಗಾರರಿಗೂ ಇದೆ. ಮನಿಲಾದ ಪತ್ರಿಕೆಗಳಿಗೆ ವಾಕ್ಯದ ಉತ್ತರಾರ್ಧ ಬೇಡ. ತೀರ್ಪನ್ನೇ ಕಾಗದದ ಚೂರು ಎಂದ ಬೀಜಿಂಗಿಗೆ, ಅದರಲ್ಲಿ ತನ್ನ ಮೀನುಗಾರರ ಪರವಾಗಿ ಬರೆದದ್ದನ್ನೂ ಎತ್ತಿ ತೋರಿಸುವ ಹಾಗಿಲ್ಲ.

ಪತ್ರಕರ್ತರು ಹಡಗು ಹತ್ತಿದ ಮೇಲೆ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. 2015ರ ಮೇ 20ರಂದು ಸಿಎನ್‌ಎನ್ ತಂಡವನ್ನು ಅಮೆರಿಕದ ನೌಕಾಪಡೆ ತನ್ನ ಪಿ-8 ಬೇಹುಗಾರಿಕಾ ವಿಮಾನದಲ್ಲಿ ಕೂರಿಸಿಕೊಂಡು, ಚೀನಾ ಹವಳದ ದಿಬ್ಬಗಳ ಮೇಲೆ ಮರಳು ಸುರಿದು ಕಟ್ಟುತ್ತಿದ್ದ ದ್ವೀಪಗಳತ್ತ ಹಾರಿತು. ಚೀನಾದ ನೌಕಾಪಡೆ ರೇಡಿಯೊದಲ್ಲಿ 8 ಸಲ ಎಚ್ಚರಿಸಿದ್ದು ಜಗತ್ತಿನಾದ್ಯಂತ ಪ್ರಸಾರವಾಯಿತು. ಸುದ್ದಿ ನಿಜವೇ. ಆ ವಿಮಾನದಲ್ಲಿ ಸೀಟು ಕೊಡುವ ನಿರ್ಧಾರ, ಕೊಡುವ ದಿನ, ಎರಡೂ ಪೆಂಟಗನ್ನಿನದಾಗಿತ್ತು ಎಂಬುದೂ ಅಷ್ಟೇ ನಿಜ.

ಫಿಲಿಪ್ಪೀನ್ಸ್ ಇದನ್ನು ನೀತಿಯನ್ನಾಗಿಯೇ ಮಾಡಿಕೊಂಡಿತು. 2023ರ ಫೆಬ್ರುವರಿ 6ರಂದು ಸೆಕೆಂಡ್ ಥಾಮಸ್ ದಿಬ್ಬದ ಬಳಿ ಚೀನಾದ ಕಾವಲು ಹಡಗು ತನ್ನ ಹಡಗಿನ ಮೇಲೆ ಹಸಿರು ಲೇಸರ್ ಬಿಟ್ಟಿತೆಂದು ಅದು ಚಿತ್ರ ಸಮೇತ ಬಹಿರಂಗಪಡಿಸಿತು. ಮನಿಲಾಕ್ಕೆ ಅದು ‘ಸೈನಿಕ ದರ್ಜೆಯ ಲೇಸರ್’, ಬೀಜಿಂಗಿಗೆ ವೇಗ ಮತ್ತು ದೂರ ಅಳೆಯುವ ಕೈ ಸಾಧನ. ಅಲ್ಲಿಂದಾಚೆ ಕಾವಲು ಪಡೆಯ ಹಡಗುಗಳಲ್ಲಿ ಸ್ವದೇಶಿ, ವಿದೇಶಿ ವರದಿಗಾರರು ಖಾಯಂ ಪ್ರಯಾಣಿಕರಾದರು. ಜಲಫಿರಂಗಿಯ ನೀರು ಡೆಕ್ಕಿಗೆ ಅಪ್ಪಳಿಸುವುದನ್ನು ಒದ್ದೆಯಾಗಿ ನಿಂತು ವರದಿ ಮಾಡುವವನ ದನಿಯಲ್ಲಿ ತಟಸ್ಥತೆ ಹುಡುಕುವುದು ಕಷ್ಟ. ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಗಾದೆ ಹಡಗಿಗೂ ಸಲ್ಲುತ್ತದೆ: ವಾರಗಟ್ಟಲೆ ಅದೇ ನಾವಿಕರ ಅನ್ನ ಉಂಡು, ಅವರ ಬಂಕಿನಲ್ಲಿ ಮಲಗಿ ಬಂದವರು ಅವರ ಕ್ಯಾಪ್ಟನ್ನಿನ ತಪ್ಪು ಬರೆಯಲು ಹಿಂಜರಿಯುತ್ತಾರೆ.

ಇಷ್ಟಾದರೂ ಈ ನೀತಿಯಿಂದ ಸತ್ಯಕ್ಕೆ ಲಾಭವೇ ಹೆಚ್ಚು ಎನ್ನಬೇಕು. 2025ರ ಆಗಸ್ಟ್ 11ರಂದು ಸ್ಕಾರ್‌ಬರೊ ಬಳಿ ಫಿಲಿಪ್ಪೀನ್ಸಿನ ಹಡಗನ್ನು ಬೆನ್ನಟ್ಟುತ್ತಿದ್ದ ಚೀನಾದ ಕಾವಲು ಹಡಗು ಮತ್ತು ಚೀನಾದ್ದೇ ಯುದ್ಧನೌಕೆ ಒಂದಕ್ಕೊಂದು ಬಡಿದುಕೊಂಡವು. ಫಿಲಿಪ್ಪೀನ್ಸಿನ ಕ್ಯಾಮೆರಾ ಇಲ್ಲದಿದ್ದರೆ ಅದು ಹೊರಬರುವುದು ಅನುಮಾನವಿತ್ತು. ಫಿಲಿಪ್ಪೀನ್ಸಿನ ಹಡಗುಗಳನ್ನು ಕಾನೂನಿನಂತೆ ಅಟ್ಟಲಾಯಿತು ಎಂದ ಚೀನಾದ ಹೇಳಿಕೆಯಲ್ಲಿ ಡಿಕ್ಕಿಯ ಸುಳಿವೇ ಇರಲಿಲ್ಲ.

ಆದರೆ ಒಂದು ಲೆಕ್ಕ ತಪ್ಪಬಾರದು. ರೊಡ್ರಿಗೊ ದುತೆರ್ತೆ ಅಧ್ಯಕ್ಷರಾಗಿದ್ದ 2016ರಿಂದ 2022ರವರೆಗೆ ಮನಿಲಾ ಚೀನಾದೊಂದಿಗೆ ಸ್ನೇಹ ಬಯಸಿತ್ತು. 2019ರ ಜೂನ್‌ನಲ್ಲಿ ಚೀನಾದ ಹಡಗೊಂದು ಗುದ್ದಿ ಮುಳುಗಿಸಿದ ದೋಣಿಯ 22 ಫಿಲಿಪ್ಪಿನೊ ಮೀನುಗಾರರನ್ನು ವಿಯೆಟ್ನಾಮಿನ ದೋಣಿಯವರು ಕಾಪಾಡಿದರು. ದುತೆರ್ತೆ ಅದನ್ನು ಸಮುದ್ರದ ಸಣ್ಣ ಘಟನೆ ಎಂದು ತಳ್ಳಿಹಾಕಿದರು. ಆದ್ದರಿಂದ 2023ರ ನಂತರ ಸುದ್ದಿ ಹೆಚ್ಚಾದದ್ದನ್ನೇ ಘಟನೆಗಳು ಹೆಚ್ಚಾದದ್ದರ ಅಳತೆಗೋಲು ಮಾಡಿಕೊಂಡರೆ ಮೋಸ ಹೋಗುತ್ತೇವೆ. ಕ್ಯಾಮೆರಾಗಳೂ ಹೆಚ್ಚಾದವು.

ಸರ್ಕಾರವೇ ಚಿತ್ರ ಮುಚ್ಚಿಟ್ಟದ್ದೂ ಉಂಟು. 2010ರ ಸೆಪ್ಟೆಂಬರ್ 7ರಂದು, ಜಪಾನಿನ ಹಿಡಿತದಲ್ಲಿದ್ದು ಚೀನಾ ತನ್ನದೆನ್ನುವ ಸೆನ್‌ಕಾಕು ದ್ವೀಪಗಳ ಬಳಿ ಚೀನಾದ ಟ್ರಾಲರ್ ಜಪಾನಿನ ಎರಡು ಕಾವಲು ಹಡಗುಗಳಿಗೆ ಡಿಕ್ಕಿ ಹೊಡೆಯಿತು. ಬೀಜಿಂಗ್ ಇನ್ನಷ್ಟು ಕೆರಳದಿರಲೆಂದು ಟೋಕಿಯೊ ವಿಡಿಯೊವನ್ನು ಸಾರ್ವಜನಿಕರಿಗೆ ತೋರಿಸಲಿಲ್ಲ. ನವೆಂಬರಿನಲ್ಲಿ ಕಾವಲು ಪಡೆಯ ಸಿಬ್ಬಂದಿಯೊಬ್ಬ ಅದನ್ನು ಯೂಟ್ಯೂಬಿಗೆ ಹಾಕಿಬಿಟ್ಟ. ಇದೇ ದ್ವೀಪಗಳ ವಿಚಾರ ಮನಸ್ಸಿನಲ್ಲಿದ್ದ ಕಾಲದಲ್ಲಿ, 2014ರ ಜನವರಿಯಲ್ಲಿ, ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಹೊಸ ಮುಖ್ಯಸ್ಥ ಕತ್ಸುತೊ ಮೊಮಿಯಿ, ಸರ್ಕಾರ ಬಲ ಎಂದಾಗ ತಾವು ಎಡ ಎನ್ನಲಾಗದು ಎಂಬರ್ಥದ ಮಾತಾಡಿ ಟೀಕೆಗೊಳಗಾದರು. ಎಷ್ಟೋ ಮುಖ್ಯಸ್ಥರು ನಡೆಸಿಕೊಂಡು ಬರುವುದನ್ನೇ ಅವರು ಬಾಯಿಬಿಟ್ಟು ಹೇಳಿದ್ದರು.

ಹೇಳದೆ ಬಿಡುವುದರಿಂದ ಆಗುವ ಪಕ್ಷಪಾತ ಎಲ್ಲಕ್ಕಿಂತ ಕಷ್ಟದಲ್ಲಿ ಕಾಣುತ್ತದೆ. 2013ರಿಂದ ಎರಡು ಮೂರು ವರ್ಷಗಳಲ್ಲಿ ಚೀನಾ ಸ್ಪ್ರಾಟ್ಲಿಯಲ್ಲಿ ಸುಮಾರು 3,200 ಎಕರೆ ಹೊಸ ನೆಲ ನಿರ್ಮಿಸಿದ್ದು ಜಗತ್ತಿಗೆಲ್ಲ ಗೊತ್ತು. 2021ರ ಕೊನೆಯಿಂದ ವಿಯೆಟ್ನಾಂ ಅದೇ ಕೆಲಸ ಭರದಿಂದ ನಡೆಸಿ, 2024ರ ಮಧ್ಯದ ವೇಳೆಗೆ ತನ್ನ ಹೂಳೆತ್ತುವ ಮತ್ತು ತುಂಬುವ ಕೆಲಸವನ್ನು ಚೀನಾದ ಒಟ್ಟು ಮೊತ್ತದ ಅರ್ಧದಷ್ಟಕ್ಕೆ ತಂದಿತ್ತು. ಆ ಸುದ್ದಿಯ ಸದ್ದು ಹತ್ತರಲ್ಲಿ ಒಂದರಷ್ಟೂ ಇಲ್ಲ. ವಿಯೆಟ್ನಾಂ ನೆರೆಯವರ ಮೇಲೆ ಜಲಫಿರಂಗಿ ಹಾರಿಸುತ್ತಿಲ್ಲ ಎಂಬುದು ಅದಕ್ಕೊಂದು ನ್ಯಾಯವಾದ ಕಾರಣ. ಅಲ್ಲಿಯ ಪತ್ರಿಕೆಗಳು ಆಳುವ ಕಮ್ಯುನಿಸ್ಟ್ ಪಕ್ಷದ ಹಿಡಿತದಲ್ಲಿರುವುದು ಇನ್ನೊಂದು. ಚೀನಾದ ಎದುರಾಳಿ ಎಂಬ ಪಾತ್ರಕ್ಕೆ ಈ ಸಂಗತಿ ಹೊಂದುವುದಿಲ್ಲ ಎಂಬುದು ಮೂರನೆಯದು.

ಇಲ್ಲದ್ದನ್ನು ಸೇರಿಸಿದ ಪ್ರಸಂಗ ಭಾರತದ್ದೇ ಇದೆ. 2011ರ ಜುಲೈ 22ರಂದು ವಿಯೆಟ್ನಾಮಿನ ಬಂದರಿನಿಂದ ಹೊರಟ ನೌಕಾಪಡೆಯ ಐರಾವತ ಹಡಗಿಗೆ ರೇಡಿಯೊದಲ್ಲಿ ಒಂದು ದನಿ ಕೇಳಿಸಿತು. ತಾನು ಚೀನಾದ ನೌಕಾಪಡೆ, ನೀವು ಚೀನಾದ ನೀರು ಪ್ರವೇಶಿಸುತ್ತಿದ್ದೀರಿ ಎಂದಿತು. ಕಣ್ಣಿಗೆ ಯಾವ ಹಡಗೂ ವಿಮಾನವೂ ಕಾಣಲಿಲ್ಲ. ಐರಾವತ ತನ್ನ ಪಾಡಿಗೆ ಮುಂದೆ ಹೋಯಿತು. ಒಂದು ತಿಂಗಳ ಬಳಿಕ ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಇದನ್ನು ಚೀನಾದ ಯುದ್ಧನೌಕೆ ಭಾರತದ ಹಡಗಿಗೆ ಎದುರಾದ ಸುದ್ದಿಯಾಗಿ ಬರೆಯಿತು, ಭಾರತದ ವಾಹಿನಿಗಳು ಎತ್ತಿಕೊಂಡವು. ಮುಖಾಮುಖಿಯೇನೂ ನಡೆದಿಲ್ಲ ಎಂದು ವಿದೇಶಾಂಗ ಸಚಿವಾಲಯ ಹೇಳಿಕೆ ಕೊಟ್ಟಿತು. ಮುಖಾಮುಖಿ ಎಂಬ ಪದ ಮಾತ್ರ ಮುಂದಿನ ವರ್ಷಗಳ ಲೇಖನಗಳಲ್ಲೂ ಉಳಿದುಕೊಂಡಿತು.

ಉಪಗ್ರಹ ಚಿತ್ರಗಳು ಬಂದ ಮೇಲೆ ಡೆಕ್ಕಿನ ಮೇಲಿನ ಅವಲಂಬನೆ ಸ್ವಲ್ಪ ಕಡಿಮೆಯಾಗಿದೆ. ಸಿಎಸ್‌ಐಎಸ್ 2014ರಲ್ಲಿ ಆರಂಭಿಸಿದ ಏಷ್ಯಾ ಸಮುದ್ರ ಪಾರದರ್ಶಕತಾ ಕಾರ್ಯಕ್ರಮ ದ್ವೀಪ ನಿರ್ಮಾಣ, ಚೀನಾದ ಕಾವಲು ಹಡಗುಗಳ ಗಸ್ತುಗಳನ್ನು ಎಣಿಸುತ್ತದೆ. ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ 2019ರಲ್ಲಿ ಹುಟ್ಟಿದ ಪ್ರತಿಸ್ಪರ್ಧಿ ತಂಡ ಅಮೆರಿಕದ ಬೇಹುಗಾರಿಕಾ ವಿಮಾನಗಳ ಹಾರಾಟ ಎಣಿಸುತ್ತದೆ. ಇಬ್ಬರ ಎಣಿಕೆಯೂ ಸರಿಯಿರಬಹುದು. ಒಬ್ಬರ ಅಂಕಿ ಮಾತ್ರ ಓದಿದವನಿಗೆ ಆ ಸಮುದ್ರದಲ್ಲಿ ಒಂದೇ ದೇಶ ಓಡಾಡುತ್ತಿದೆ ಎನಿಸುತ್ತದೆ.

ಭಾರತಕ್ಕೆ ಅತಿ ಹತ್ತಿರದ ಉದಾಹರಣೆ ಪಾಕ್ ಜಲಸಂಧಿ. 1974ರ ಒಪ್ಪಂದದಲ್ಲಿ ಕಚ್ಚತೀವು ದ್ವೀಪ ಶ್ರೀಲಂಕಾದ ಕಡೆಗೆ ಹೋಯಿತು. 2024ರ ಲೋಕಸಭಾ ಚುನಾವಣೆಗೆ ಮುಂಚೆ, ಒಂದು ಕಾಲಕ್ಕೆ ಕರ್ನಾಟಕದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ, ಆಗಿನ ತಮಿಳುನಾಡು ಬಿಜೆಪಿ ಅಧ್ಯಕ್ಷ ಕೆ. ಅಣ್ಣಾಮಲೈ ಮಾಹಿತಿ ಹಕ್ಕಿನಲ್ಲಿ ಪಡೆದ ಕಡತಗಳು ಪ್ರಕಟವಾಗಿ ಈ ದ್ವೀಪ ಮುಖಪುಟಕ್ಕೆ ಬಂತು. ಆಗಿನ ಚರ್ಚೆಯಲ್ಲಿ ದ್ವೀಪ ಕೊಟ್ಟದ್ದು ಜೋರಾಗಿ ಕೇಳಿಸಿತು. 1976ರ ಒಪ್ಪಂದದಲ್ಲಿ ಕನ್ಯಾಕುಮಾರಿಯ ದಕ್ಷಿಣದ, ಮೀನು ಸಮೃದ್ಧವಾದ ವೆಡ್ಜ್ ಬ್ಯಾಂಕ್ ಭಾರತಕ್ಕೆ ದಕ್ಕಿದ್ದು ಮೆಲ್ಲಗೆ. ಆ ಪ್ರದೇಶದ ಗಡಿ ಎಂದೂ ಗುರುತಾಗಿರಲಿಲ್ಲವಾದ್ದರಿಂದ ಭಾರತದ ನೆಲ ಬಿಟ್ಟುಕೊಟ್ಟಂತಾಗಲಿಲ್ಲ ಎಂದು ವಿದೇಶಾಂಗ ಸಚಿವಾಲಯವೇ 2015ರಲ್ಲಿ ಮಾಹಿತಿ ಹಕ್ಕಿನಡಿ ಉತ್ತರಿಸಿದ್ದನ್ನು ವಿರೋಧ ಪಕ್ಷಗಳು ನೆನಪಿಸಿದ ಮೇಲೆ ಪತ್ರಿಕೆಗಳು ಹುಡುಕಿ ತೆಗೆದವು.

ಅಲ್ಲಿಯ ದಿನನಿತ್ಯದ ಸುದ್ದಿ ಇನ್ನೂ ವಿಚಿತ್ರ. ಎರಡೂ ದಡದ ಮೀನುಗಾರರು ತಮಿಳರು, ಎರಡೂ ಕಡೆ ತಮಿಳು ಪತ್ರಿಕೆಗಳಿವೆ. ಚೆನ್ನೈಯಲ್ಲಿ ಅಚ್ಚಾಗುವುದು ಶ್ರೀಲಂಕಾ ನೌಕಾಪಡೆ ಹಿಡಿದೊಯ್ದವರ ಸಂಖ್ಯೆ, ಜಪ್ತಿಯಾದ ದೋಣಿಗಳ ಸಂಖ್ಯೆ, ರಾಮೇಶ್ವರದಲ್ಲಿ ನಡೆದ ಮುಷ್ಕರ. ಜಾಫ್ನಾದಲ್ಲಿ ಅಚ್ಚಾಗುವುದು ರಾತ್ರಿ ಬಂದ ಭಾರತದ ಟ್ರಾಲರುಗಳು, ಅವು ಹರಿದುಹಾಕಿದ ಬಲೆಗಳು, ಶ್ರೀಲಂಕಾ 2017ರಲ್ಲಿ ನಿಷೇಧಿಸಿದ ತಳ ಗೋರುವ ಮೀನುಗಾರಿಕೆ. ಚೆನ್ನೈಯ ವರದಿಗಾರನಿಗೆ ರಾಮೇಶ್ವರದ ಜೆಟ್ಟಿಯಲ್ಲಿ ಸಿಗುವುದು ದೋಣಿ ಕಳೆದುಕೊಂಡವರು, ಜಾಫ್ನಾದವನಿಗೆ ತನ್ನ ದಡದಲ್ಲಿ ಸಿಗುವುದು ಬಲೆ ಕಳೆದುಕೊಂಡವರು. ಎರಡೂ ವರದಿಯಲ್ಲಿ ಸುಳ್ಳಿನ ಅಕ್ಷರವಿಲ್ಲದಿರಬಹುದು. ನಡುವಿನ ಗೆರೆ ದಾಟಿ ಆಚೆಯವರನ್ನು ಮಾತಾಡಿಸಲು ಹೊರಟ ವರದಿಗಾರನಿಗೆ ಮಾತ್ರ ಪಾಸ್‌ಪೋರ್ಟು ಬೇಕು.